ಹಡಗಿಗೆ ಸುತ್ತು ಹಾಕಿದ ಉದ್ದ ಬಾಲದ ಬಿಳಿ ಹಕ್ಕಿ: ನಮ್ಮ ಹಿತ್ತಲಿನದೇ?

ತುಂಗೆಯ ದಡ (ತೀರ್ಥಹಳ್ಳಿ ಸಮೀಪ)
ಜನವರಿ 11, ರಾತ್ರಿ 8.10

ಮೂರು ದಿನದಿಂದ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ನಡೆಯುತ್ತಿದೆ. ಅಡಿಕೆ ಸುಲಿಯಲು ಬರುವವರೂ ಎರಡು ಪಕ್ಷವಾಗಿದ್ದಾರೆ. ತೀರ್ಪು ನಿಮ್ಮಿಂದ ಬೇಕು.

ನನ್ನ ಮೈದುನ ಸರಕು ಹಡಗಿನಲ್ಲಿ ಎಂಜಿನಿಯರ್. ಹೋದ ವಾರ ಕೊಲಂಬೊ ಬಿಟ್ಟು ಮಾರಿಷಸ್‌ಗೆ ಹೋಗುವ ದಾರಿಯಲ್ಲಿ, ಸುತ್ತ ಎಲ್ಲೂ ನೆಲವೇ ಕಾಣದ ಕಡೆ, ಒಂದು ಬಿಳಿ ಹಕ್ಕಿ ಬಂದು ಹಡಗಿಗೆ ಮೂರು ಸುತ್ತು ಹಾಕಿ, ಕ್ಷೇಮ ವಿಚಾರಿಸಿಕೊಂಡವರಂತೆ ಹೊರಟುಹೋಯಿತಂತೆ. ಮೊಬೈಲಿನಲ್ಲಿ ತೆಗೆದ ನಾಲ್ಕು ಚಿತ್ರ ಕಳಿಸಿದ್ದಾನೆ, ಕೆಳಗೆ ಹಾಕಿದ್ದೇನೆ. ಮೈಯೆಲ್ಲ ಬಿಳಿ. ರೆಕ್ಕೆಯ ಮೇಲೆ ಓರೆಯಾಗಿ ಎಳೆದ ಕಪ್ಪು ಪಟ್ಟೆ, ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಒಂದು ಗೆರೆ, ಹಳದಿ ಕೊಕ್ಕು. ಹಿಂದೆ ಮೈಯಷ್ಟೇ ಉದ್ದದ ಎರಡು ಬಿಳಿ ಗರಿಗಳು, ದಾರ ಇಳಿಬಿಟ್ಟ ಹಾಗೆ.

ಅತ್ತೆಯವರಿಗೆ ಎಂಬತ್ತೊಂದು ವರ್ಷ. ಚಿತ್ರ ನೋಡಿದವರೇ, "ಇದು ನಮ್ಮ ಹಿತ್ತಲಿನ ಬಿದಿರು ಮೆಳೆಗೆ ಬರುವ ಹಕ್ಕಿ" ಎಂದರು. ಅವರ ವಾದದಲ್ಲಿ ತರ್ಕವಿಲ್ಲ ಎನ್ನುವಂತಿಲ್ಲ. ಆ ಹಕ್ಕಿ ಮಳೆಗಾಲ ಕಳೆದ ಮೇಲೆ ಬರುತ್ತದೆ, ಬಿಸಿಲು ಜೋರಾಗುವ ಹೊತ್ತಿಗೆ ಕಾಣೆಯಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ವರ್ಷ ಯೋಚಿಸುತ್ತಿದ್ದರಂತೆ, ಈಗ ಉತ್ತರ ಸಿಕ್ಕಿತಂತೆ. ನನ್ನ ಯಜಮಾನರು ಮಾತ್ರ ಬೆಳ್ಳಕ್ಕಿ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಅವರಿಗೆ ಬಿಳಿಯಾಗಿರುವುದೆಲ್ಲ ಬೆಳ್ಳಕ್ಕಿ.

ಕಾಜಾಣ (ಶಿವಮೊಗ್ಗ)
ಜನವರಿ 11, ರಾತ್ರಿ 9.25

ಯಜಮಾನರ ಅರ್ಜಿ ಮೊದಲೇ ವಜಾ.

ಚಿತ್ರದಲ್ಲಿರುವುದು ಬಿಳಿಬಾಲದ ಟ್ರಾಪಿಕ್‌ಬರ್ಡ್. ವೈಜ್ಞಾನಿಕ ಹೆಸರು ಫೇಥಾನ್ ಲೆಪ್ಟ್ಯೂರಸ್. ಲೆಪ್ಟ್ಯೂರಸ್ ಎಂದರೆ ತೆಳುಬಾಲದ್ದು ಎಂದರ್ಥ, ಅದಕ್ಕೆ ತಕ್ಕ ಹೆಸರೇ. ನಿಮ್ಮ ಮೈದುನ ಅದೃಷ್ಟವಂತ. ನಾನು ಮೂವತ್ತು ವರ್ಷದಿಂದ ದುರ್ಬೀನು ಹೊತ್ತು ತಿರುಗುತ್ತಿದ್ದೇನೆ, ಇನ್ನೂ ನೋಡಿಲ್ಲ. ನೋಡಿಲ್ಲದ್ದಕ್ಕೆ ಕಾರಣವೂ ಸರಳ: ಅದು ಇರುವಲ್ಲಿಗೆ ನಾನು ಹೋಗಿಲ್ಲ.

ಈ ಕುಲದಲ್ಲಿ ಇರುವುದು ಮೂರೇ ಜಾತಿ. ಬಿಳಿಬಾಲದ್ದು ಎಲ್ಲಕ್ಕಿಂತ ಚಿಕ್ಕದು. ತೂಕ ಸುಮಾರು 300 ಗ್ರಾಂ, ಅಂದರೆ ನಮ್ಮ ಊರುಕಾಗೆಯಷ್ಟು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಅಳೆದರೆ 70ರಿಂದ 80 ಸೆಂಟಿಮೀಟರ್, ಅದರಲ್ಲಿ ಸುಮಾರು ಅರ್ಧ ಬಾಲವೇ. ಎರಡನೆಯದು ಕೆಂಪು ಕೊಕ್ಕಿನದು. ಅದರ ಬಾಲವೂ ಬಿಳಿ, ಆದರೆ ಬೆನ್ನಿನ ಮೇಲೆ ಸಣ್ಣ ಸಣ್ಣ ಕಪ್ಪು ಅಡ್ಡಗೆರೆಗಳಿರುತ್ತವೆ, ನೇಯ್ಗೆ ಹಾಕಿದಂತೆ. ಮೂರನೆಯದರ ಬಾಲದ ಗರಿಗಳೇ ಕೆಂಪು, ಮೈ ಹೆಚ್ಚು ಕಡಿಮೆ ಪೂರ್ತಿ ಬಿಳಿ. ನಿಮ್ಮ ಚಿತ್ರದಲ್ಲಿ ಹಳದಿ ಕೊಕ್ಕು ಮತ್ತು ಓರೆ ಪಟ್ಟೆ ಎರಡೂ ಸ್ಪಷ್ಟವಾಗಿರುವುದರಿಂದ ಅನುಮಾನಕ್ಕೆ ಎಡೆಯಿಲ್ಲ.

ಅತ್ತೆಯವರ ಹಕ್ಕಿ ಬಾಲದಂಡೆ. ಕೆಲವರು ರಾಜಹಕ್ಕಿ ಎನ್ನುತ್ತಾರೆ. ತಲೆ ಮಿರುಗುವ ಕಪ್ಪು, ಜುಟ್ಟು ಇರುತ್ತದೆ, ಉಳಿದ ಮೈ ಹಾಲಿನ ಬಿಳಿ. ಬಿದಿರು ಮೆಳೆ, ತೋಟದ ನೆರಳು, ಹಳ್ಳದ ಬದಿ ಅದರ ಜಾಗ. ಹುಳು ಹಿಡಿದು ತಿನ್ನುವ ಹಕ್ಕಿ ಅದು. ಸಮುದ್ರದ ಉಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಬೇಸಿಗೆ ಬರುತ್ತಿದ್ದಂತೆ ಕಾಣೆಯಾಗುವುದು ನಿಜ, ಆದರೆ ಮಾರಿಷಸ್‌ಗೆ ಅಲ್ಲ.

ತುಂಗೆಯ ದಡ
ಜನವರಿ 11, ರಾತ್ರಿ 9.50

ನಿಮ್ಮ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಿದೆ. "ಅವರು ನೋಡಿಲ್ಲ ಎಂದು ಅವರೇ ಹೇಳಿದ್ದಾರಲ್ಲ" ಎಂದರು.

ಬಿಆರ್‌ಪಿ ಹಿನ್ನೀರು
ಜನವರಿ 12, ಬೆಳಿಗ್ಗೆ 7.05

ಕಾಜಾಣರೇ, ಅಷ್ಟು ದೂರ ಹೋಗಬೇಕಾಗಿಲ್ಲ. ಈ ಹಕ್ಕಿ ಭದ್ರಾ ಹಿನ್ನೀರಿನಲ್ಲಿ ಇದೆ. ಹೋದ ಮಾರ್ಚ್‌ನಲ್ಲಿ ನಾನೇ ನೋಡಿದ್ದೇನೆ, ಒಂದಲ್ಲ, ನೂರಾರು. ಹಳದಿ ಕೊಕ್ಕು, ಬಿಳಿ ಮೈ, ಉದ್ದ ಬಾಲ, ನೀರಿಗೆ ಧುಮುಕಿ ಮೀನು ಹಿಡಿಯುವುದು, ಎಲ್ಲ ಹೊಂದುತ್ತದೆ. ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಮೇಲೆ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಗೆ ಬಂದವರು ದೋಣಿಯಲ್ಲಿ ಕುಳಿತು ಚಿತ್ರ ತೆಗೆಯುವುದು ಇದನ್ನೇ.

ಕಾಜಾಣ
ಜನವರಿ 12, ಬೆಳಿಗ್ಗೆ 8.40

ನೀವು ನೋಡಿದ್ದು ನದಿ ರೀವ. ಅದೂ ಚಂದದ ಹಕ್ಕಿಯೇ, ಬೇಸರ ಬೇಡ. ಭದ್ರಾ ಜಲಾಶಯದ ನಡುಗಡ್ಡೆಗಳು ಅದರ ಹೆಸರುವಾಸಿ ಸಂತಾನತಾಣ. ಅದರ ನೆತ್ತಿಗೆ ಕಪ್ಪು ಟೋಪಿ, ರೆಕ್ಕೆ ಬೂದು, ಕಾಲು ಕೆಂಪು.

ಆದರೆ ನಿಮ್ಮ ಮಾತಿನಿಂದ ಒಂದು ಉಪಕಾರವಾಯಿತು. ಉದ್ದ ಬಾಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಉದ್ದವಾಗಿರುವುದು ಬಾಲದ ಯಾವ ಗರಿ ಎಂದು ಯಾರೂ ನೋಡುವುದಿಲ್ಲ. ರೀವದ ಬಾಲ ಕವಲು; ಅಲ್ಲಿ ಉದ್ದವಾಗಿರುವುದು ಅಂಚಿನ ಗರಿಗಳು, ನಡುವಿನವು ಗಿಡ್ಡ. ಟ್ರಾಪಿಕ್‌ಬರ್ಡ್‌ನಲ್ಲಿ ಇದು ತಿರುಗುಮುರುಗು: ನಟ್ಟನಡುವಿನ ಎರಡು ಗರಿ ಮಾತ್ರ ಬೆಳೆದು ಹಿಂದೆ ಹರಿಯುತ್ತವೆ, ಉಳಿದ ಬಾಲ ಮೊಂಡು. ನಮ್ಮ ಕಾಡಿನ ಹಕ್ಕಿಗಳನ್ನೂ ಹೀಗೆಯೇ ವಿಂಗಡಿಸಬಹುದು. ಭೀಮರಾಜನ ಚಮಚದಂತಹ ಬಾಲ ಅಂಚಿನ ಗರಿಗಳಿಂದ ಆದದ್ದು. ಬಾಲದಂಡೆಯದು ನಡುವಿನದು. ಬೇಲಿಯ ತಂತಿಯ ಮೇಲೆ ಕೂರುವ ಹಸಿರು ಕಳ್ಳಿಪೀರದ್ದೂ ನಡುವಿನದೇ. ಮಳೆಗಾಲದಲ್ಲಿ ಕೆರೆಯ ತಾವರೆ ಎಲೆ ಮೇಲೆ ನಡೆಯುವ ದೇವನಕ್ಕಿಗೂ ನಡುವಿನ ಗರಿಗಳೇ ಕುಡುಗೋಲಿನ ಹಾಗೆ ಬಾಗಿ ಬೆಳೆಯುತ್ತವೆ.

ಹಾಗೆ ನೋಡಿದರೆ ಅತ್ತೆಯವರು ಪೂರ್ತಿ ತಪ್ಪಿಲ್ಲ. ಹಿತ್ತಲಿನ ಹಕ್ಕಿಗೂ ಹಡಗಿನ ಹಕ್ಕಿಗೂ ಬಾಲದ ಕಟ್ಟು ಒಂದೇ. ನೆಂಟಸ್ತಿಕೆ ಇಲ್ಲ, ಹೋಲಿಕೆ ಇದೆ. ಅವರ ಕಣ್ಣಿಗೆ ಬಿದ್ದದ್ದು ಅದು.

ಮೇಷ್ಟ್ರು ನಿವೃತ್ತ (ಹೊಸನಗರ)
ಜನವರಿ 12, ಬೆಳಿಗ್ಗೆ 10.15

ಹೋಲಿಕೆ, ನೆಂಟಸ್ತಿಕೆ ಎಂದಿರಿ. ಹಾಗಾದರೆ ಇದರ ನಿಜವಾದ ನೆಂಟರು ಯಾರು? ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಕಡಲ ಹಕ್ಕಿಗಳಲ್ಲಿ ಬೆರಳುಗಳ ನಡುವೆ ಪೂರಾ ಜಾಲಪಾದವಿದ್ದವನ್ನೆಲ್ಲ ಹೆಜ್ಜಾರ್ಲೆಯ ಬಳಗಕ್ಕೆ ಸೇರಿಸುತ್ತಿದ್ದೆವು.

ಕಾಜಾಣ
ಜನವರಿ 12, ಮಧ್ಯಾಹ್ನ 1.30

ಮೇಷ್ಟ್ರೇ, ಆಗ ಎಲ್ಲರೂ ಹಾಗೆಯೇ ಸೇರಿಸುತ್ತಿದ್ದರು. ನಾಲ್ಕು ಬೆರಳೂ ಒಂದೇ ಜಾಲದಲ್ಲಿ ಸೇರಿರುವುದರಿಂದ ಹೆಜ್ಜಾರ್ಲೆ, ನೀರುಕಾಗೆಗಳ ಗುಂಪಿನಲ್ಲಿ ಕೂರಿಸಿದ್ದರು. ಆದರೆ ಆ ಗುಂಪಿನ ಉಳಿದ ಹಕ್ಕಿಗಳ ಮರಿ ಬೆತ್ತಲೆಯಾಗಿ ಹುಟ್ಟುತ್ತವೆ. ನಮ್ಮ ಮಂಡಗದ್ದೆಯ ಹೊಳೆಯ ಮರಗಳಲ್ಲಿ ನೀರುಕಾಗೆಯ ಮರಿಗಳನ್ನು ನೋಡಿದವರಿಗೆ ಗೊತ್ತು, ಸುಟ್ಟ ಬದನೆಕಾಯಿಯಂತೆ ಇರುತ್ತವೆ. ಟ್ರಾಪಿಕ್‌ಬರ್ಡ್ ಮರಿ ಮಾತ್ರ ಹುಟ್ಟುವಾಗಲೇ ಹತ್ತಿಯ ಉಂಡೆ. ಈ ಒಡಕು ಮೊದಲಿನಿಂದಲೂ ಕಾಣುತ್ತಿತ್ತು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇವಕ್ಕೆ ಬೇರೆ ಗಣವನ್ನೇ ಕೊಟ್ಟರು. ಹತ್ತಿರದ ಸಂಬಂಧಿಗಳೆಂದು ಈಗ ಹೇಳುವುದು ದಕ್ಷಿಣ ಅಮೆರಿಕದ ಸನ್‌ಬಿಟರ್ನ್ ಮತ್ತು ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಗು ಎಂಬ ಹಾರಲಾರದ ಹಕ್ಕಿಯನ್ನು. ಒಂದು ಹೊಳೆ ಬದಿಯದು, ಇನ್ನೊಂದು ಕಾಡಿನ ನೆಲದ ಮೇಲೆ ಓಡಾಡುವುದು, ಇದು ಸಮುದ್ರದ ನಡುವಿನದು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರು ಇಷ್ಟು ದೂರ ಹೋದದ್ದು ನಮ್ಮ ತಾಲ್ಲೂಕಿನಲ್ಲಿಯೂ ಇಲ್ಲ.

ಜೋಗದ ಗಾಳಿ (ಕಾರ್ಗಲ್)
ಜನವರಿ 12, ಸಂಜೆ 5.50

ಒಂದು ಪ್ರಶ್ನೆ. ನನ್ನ ಸ್ನೇಹಿತ ಮಾರಿಷಸ್‌ಗೆ ಹೋಗಿ ಬಂದಿದ್ದ. ಅಲ್ಲಿನ ಶಮರೆಲ್ ಎಂಬ ಜಲಪಾತದ ಮುಂದೆ ಇದೇ ಥರದ ಬಿಳಿ ಹಕ್ಕಿಗಳು ಹಾರಾಡುತ್ತಿದ್ದ ವಿಡಿಯೊ ತೋರಿಸಿದ. ಸಮುದ್ರದ ಮೇಲೆ ಅಲ್ಲ, ಒಳನಾಡಿನ ಕಮರಿಯಲ್ಲಿ, ನಮ್ಮ ಜೋಗದಲ್ಲಿ ಪಾರಿವಾಳಗಳು ಹಾರುವ ಹಾಗೆ! ಅಲ್ಲಿ ಇದೆ ಎಂದಾದರೆ ಜೋಗದಲ್ಲಿ ಏಕಿಲ್ಲ? ನಮ್ಮ ಪ್ರಪಾತ 253 ಮೀಟರ್, ಶಮರೆಲ್‌ಗಿಂತ ಎಷ್ಟೋ ಎತ್ತರ. ಬಂಡೆಯಲ್ಲಿ ಗೂಡಿಗೆ ಬೇಕಾದಷ್ಟು ಬಿರುಕುಗಳಿವೆ. ಹೊನ್ನಾವರದ ಕಡಲು ಹಕ್ಕಿಗೆ ಒಂದು ಗಂಟೆಯ ದಾರಿಯೂ ಅಲ್ಲ. ಬಾನಾಡಿಗಳಿಗೆ ಹಿಡಿಸಿದ ಜಾಗ ಇದಕ್ಕೆ ಏಕೆ ಹಿಡಿಸಲಿಲ್ಲ?

ಕಾಜಾಣ
ಜನವರಿ 12, ರಾತ್ರಿ 10.05

ಈ ಎಳೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ಉತ್ತರಿಸಲು ಊಟ ಮುಗಿಸಿ ಕುಳಿತಿದ್ದೇನೆ.

ನಿಮ್ಮ ಸ್ನೇಹಿತ ನೋಡಿದ್ದು ಸರಿ. ಬಿಳಿಬಾಲದ್ದು ಕಡಲಂಚಿಗೆ ಮಾತ್ರ ಅಂಟಿಕೊಳ್ಳುವುದಿಲ್ಲ. ಮಾರಿಷಸ್ ಮತ್ತು ರಿಯೂನಿಯನ್‌ನಲ್ಲಿ ಒಳನಾಡಿನ ಕಮರಿಗಳ ಬಂಡೆಗಳಲ್ಲಿ ಮೊಟ್ಟೆ ಇಡುತ್ತದೆ. ಹವಾಯಿಯಲ್ಲಿ ಇನ್ನೂ ವಿಚಿತ್ರ, ಕಿಲಾವೆಯಾ ಜ್ವಾಲಾಮುಖಿಯ ಬಾಯಿಯ ಗೋಡೆಗಳಲ್ಲಿಯೇ ಗೂಡು. ಕೆಳಗೆ ಗಂಧಕದ ಹೊಗೆ, ಮೇಲೆ ಬಿಳಿ ಹಕ್ಕಿ. ಸೇಷೆಲ್ಸ್‌ನ ಸಣ್ಣ ದ್ವೀಪಗಳಲ್ಲಿ ಇದಕ್ಕೆ ಬಂಡೆಯೂ ಬೇಡ, ಮರದ ಬುಡದಲ್ಲಿ, ನೆಲದ ಮೇಲೆಯೇ ಕುಳಿತು ಮೊಟ್ಟೆ ಕಾಯುತ್ತದೆ.

ಇಲ್ಲಿಯೇ ನಿಮ್ಮ ಉತ್ತರವೂ ಇದೆ. ಇದರ ಕಾಲುಗಳು ಮೈಯ ತೀರ ಹಿಂದಕ್ಕೆ ಇವೆ. ನೆಲದ ಮೇಲೆ ನಿಲ್ಲಲು ಬರುವುದಿಲ್ಲ, ನಡೆಯಲು ಬರುವುದಿಲ್ಲ. ಎದೆಯನ್ನು ನೆಲಕ್ಕೆ ಒತ್ತಿ ತೆವಳುತ್ತದೆ. ಅಂತಹ ಹಕ್ಕಿ ಇಡುವುದು ಒಂದೇ ಮೊಟ್ಟೆ. ಕಾವು ಕೊಡುವುದು ಸುಮಾರು ಆರು ವಾರ, ಮರಿ ಹಾರುವುದಕ್ಕೆ ಮತ್ತೆ ಹತ್ತು ಹನ್ನೆರಡು ವಾರ. ಆ ಅವಧಿಯಲ್ಲಿ ಅಪ್ಪ ಅಮ್ಮ ಇಬ್ಬರೂ ದೂರದ ಸಮುದ್ರಕ್ಕೆ ಹೋದರೆ ಮರಿ ಒಂಟಿ. ಈಗ ಜೋಗದ ಸುತ್ತ ಯಾರಿದ್ದಾರೆ ಎಣಿಸಿ: ಕೇರೆ ಹಾವು, ಉಡ, ಪುನುಗು, ಮುಂಗುಸಿ, ಮಂಗ, ಕಾಡುಬೆಕ್ಕು, ಕಾಗೆ, ಗರುಡ. ಮೂರು ತಿಂಗಳಲ್ಲ, ಮೂರು ದಿನ ಉಳಿದರೆ ಹೆಚ್ಚು. ಪಾರಿವಾಳದ ಜೋಡಿಗೆ ಒಂದು ಮರಿ ಹೋದರೆ ಮರು ತಿಂಗಳು ಇನ್ನೊಂದು, ಇದಕ್ಕೆ ಹಾಗಿಲ್ಲ. ಸಮುದ್ರದ ನಡುವೆ ತಾನಾಗಿ ಎದ್ದ, ಹಾವು ಬೆಕ್ಕುಗಳು ಈಜಿ ತಲುಪಲಾರದ ದ್ವೀಪಗಳನ್ನೇ ಅದು ನಂಬಿಕೊಂಡಿದೆ. ಮನುಷ್ಯನ ಹಡಗಿನೊಂದಿಗೆ ಇಲಿ, ಬೆಕ್ಕು ಬಂದಿಳಿದಲ್ಲೆಲ್ಲ ಇದರ ಸಂತಾನ ನೆಲಕಚ್ಚಿದೆ. ಕ್ರಿಸ್ಮಸ್ ದ್ವೀಪದಲ್ಲಿ ಕೆಂಪುಬಾಲದ್ದಕ್ಕೆ ಬಂದ ಕಂಟಕವೂ ಅದೇ.

ಇನ್ನೊಂದು ಕಾರಣ ನೀರಿನದು. ಇದಕ್ಕೆ ಬೇಕಾದದ್ದು ಬೆಚ್ಚಗಿನ, ತಿಳಿಯಾದ, ಆಳದ ಸಮುದ್ರ. ಹಾರುವ ಮೀನು ಮತ್ತು ಬೊಂಡಾಸ್ (ಸ್ಕ್ವಿಡ್) ಇದರ ಊಟ. ನಮ್ಮ ಕರಾವಳಿಯಿಂದ ಹಲವು ಹತ್ತು ಕಿಲೋಮೀಟರ್‌ವರೆಗೆ ಸಮುದ್ರದ ತಳ ಆಳವಿಲ್ಲದ ಹಾಸು; ಮಳೆಗಾಲದಲ್ಲಿ ಶರಾವತಿ, ಅಘನಾಶಿನಿ, ಕಾಳಿ ನಮ್ಮ ಘಟ್ಟದ ಕೆಮ್ಮಣ್ಣನ್ನೆಲ್ಲ ಅಲ್ಲಿಗೆ ಸುರಿಯುತ್ತವೆ. ಆ ರಾಡಿಯಲ್ಲಿ ಮೇಲಿನಿಂದ ಮೀನು ಕಾಣಬೇಕಲ್ಲ! ಜೋಗದಿಂದ ಹೊನ್ನಾವರ ಹತ್ತಿರ, ನಿಜ. ಆದರೆ ಹೊನ್ನಾವರದಿಂದ ಅದರ ಊಟದ ಮನೆ ದೂರ.

ಜೋಗದ ಗಾಳಿ
ಜನವರಿ 12, ರಾತ್ರಿ 10.20

ಒಪ್ಪಿದೆ. ಬೇಸರವೂ ಆಯಿತು.

ಘಟ್ಟದ ಕೆಳಗಿನವನು (ಈಗ ಹೊಸನಗರ)
ಜನವರಿ 13, ಬೆಳಿಗ್ಗೆ 6.45

ನಾನು ಗಂಗೊಳ್ಳಿಯವನು. ಈಗ ಮೇಲೆ ಬಂದು ಅಂಗಡಿ ಇಟ್ಟಿದ್ದೇನೆ, ಅದಕ್ಕೆ ಮೊದಲು ಒಂಬತ್ತು ವರ್ಷ ಆಳಸಮುದ್ರದ ಬೋಟಿನಲ್ಲಿ ದುಡಿದವನು. ಈ ಹಕ್ಕಿಯನ್ನು ನೋಡಿದ್ದೇನೆ. ಒಂದೇ ಬಾರಿ.

ಆಗಸ್ಟ್ ತಿಂಗಳು, ನಿಷೇಧ ಮುಗಿದು ಬೋಟುಗಳು ಇಳಿದಿದ್ದವು. ಹೊರಗೆ ಬಹಳ ದೂರ ಹೋಗಿದ್ದೆವು, ನೀರಿನ ಬಣ್ಣ ಬದಲಾಗಿ ನೀಲಿ ಬಂದಿತ್ತು. ಬಲೆ ಎಳೆಯುವ ಹೊತ್ತಿಗೆ ಮೇಲೆ ಕೀಚಲು ಸದ್ದು, ಸೀಟಿ ಊದಿದ ಹಾಗೆ. ತಲೆಯೆತ್ತಿದರೆ ಒಂಟಿ ಹಕ್ಕಿ. ಕಡಲ ಕಾಗೆ ಹಾರುವ ಹಾಗೆ ತೇಲಿಕೊಂಡು ಹಾರುವುದಿಲ್ಲ ಇದು. ಪಾರಿವಾಳದ ಹಾಗೆ ರೆಕ್ಕೆಯನ್ನು ಪಟಪಟನೆ ಬಡಿಯುತ್ತದೆ, ಕೆಲಸಕ್ಕೆ ತಡವಾದವರ ಹಾಗೆ. ನೋಡುತ್ತಿದ್ದಂತೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ರೆಕ್ಕೆ ಅರ್ಧ ಮಡಚಿ ಸುತ್ತಿಕೊಳ್ಳುತ್ತ ಕೆಳಗೆ ಬಿತ್ತು. ನೀರಿನೊಳಗೆ ಪೂರಾ ಮುಳುಗಿ ಎದ್ದಿತು. ಎದ್ದ ಮೇಲೆ ನೀರಿನ ಮೇಲೆ ಕುಳಿತು ಬಾಲವನ್ನು ಎತ್ತಿ ಹಿಡಿದುಕೊಂಡಿತ್ತು, ಒದ್ದೆಯಾಗಬಾರದೆಂದು ಸೀರೆಯ ನೆರಿಗೆ ಎತ್ತಿ ಹಿಡಿಯುತ್ತಾರಲ್ಲ, ಹಾಗೆ. ಬೋಟು ನಡೆಸುವ ನಮ್ಮ ತಾಂಡೇಲರು ನಲವತ್ತು ವರ್ಷ ಕಡಲು ನೋಡಿದವರು. "ಇದು ನಮ್ಮ ನೀರಿನದಲ್ಲ" ಎಂದರು. ಹೆಸರು ಅವರಿಗೂ ಗೊತ್ತಿರಲಿಲ್ಲ.

ಬೆನ್ನ ಮೇಲೆ ಗೆರೆಗಳಿದ್ದವು, ಬೂದಿ ಬಣ್ಣ ಕಂಡಿತು. ಕೊಕ್ಕು ಕೆಂಪು.

ಮೇಷ್ಟ್ರು ನಿವೃತ್ತ
ಜನವರಿ 13, ಬೆಳಿಗ್ಗೆ 9.00

ನಲವತ್ತು ವರ್ಷದಲ್ಲಿ ತಾಂಡೇಲರು ನೋಡದ್ದನ್ನು ತಾವು ನೋಡಿದಿರಿ, ಕೊಕ್ಕಿನ ಬಣ್ಣ ಸಹಿತ. ಸಂಶಯ ಪಡುವುದು ನನ್ನ ಹಳೆಯ ಚಾಳಿ, ತಪ್ಪು ತಿಳಿಯಬೇಡಿ.

ಕಾಜಾಣ
ಜನವರಿ 13, ಬೆಳಿಗ್ಗೆ 9.40

ಮೇಷ್ಟ್ರೇ, ಬೆನ್ನ ಮೇಲಿನ ಗೆರೆ ಮತ್ತು ಕೆಂಪು ಕೊಕ್ಕು ಎರಡನ್ನೂ ಒಟ್ಟಿಗೆ ಹೇಳಿದವರು ಕಟ್ಟಿ ಹೇಳುತ್ತಿಲ್ಲ. ನಾನು ಮೊದಲೇ ಬರೆದಿದ್ದೆ ಎನ್ನಬಹುದು ನೀವು, ಆದರೆ ಸೀರೆಯ ನೆರಿಗೆಯ ಮಾತು ನಾನು ಬರೆದಿರಲಿಲ್ಲ. ಅದು ನೋಡಿದವರಿಗೆ ಮಾತ್ರ ಬರುವ ಮಾತು.

ಕೆಂಪು ಕೊಕ್ಕಿನದು ಅರಬ್ಬಿ ಸಮುದ್ರದಲ್ಲಿ ಸಿಗಬೇಕಾದದ್ದೇ. ಕೆಂಪು ಸಮುದ್ರ, ಏಡನ್ ಕೊಲ್ಲಿ, ಪರ್ಷಿಯಾ ಕೊಲ್ಲಿಯ ದ್ವೀಪಗಳಲ್ಲಿ ಮರಿ ಮಾಡುವ ಒಂದು ಉಪಜಾತಿಯಿದೆ. ಅದರ ಹೆಸರಿನಲ್ಲಿಯೇ ಇಂಡಿಕಸ್ ಎಂದಿದೆ. ನೈಋತ್ಯ ಮುಂಗಾರಿನ ಗಾಳಿ ನಮ್ಮ ಕಡೆಗೇ ಬೀಸುವುದರಿಂದ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಆಳಸಮುದ್ರದ ಹಕ್ಕಿಗಳು ಪಶ್ಚಿಮ ಕರಾವಳಿಯತ್ತ ತಳ್ಳಲ್ಪಡುತ್ತವೆ. ದಣಿದು ಮರಳಿನ ಮೇಲೆ ಬಿದ್ದ ಕಡಲ ಹಕ್ಕಿಗಳು ಆ ತಿಂಗಳುಗಳಲ್ಲಿ ಸಿಗುತ್ತವೆ.

ಮೂರರ ಹರವನ್ನು ಒಮ್ಮೆ ಹೇಳಿಬಿಡುತ್ತೇನೆ, ಯಾರೋ ಖಾಸಗಿಯಾಗಿ ಕೇಳಿದ್ದರು. ಬಿಳಿಬಾಲದ್ದು ಹಿಂದೂ ಮಹಾಸಾಗರ, ಪೆಸಿಫಿಕ್, ಅಟ್ಲಾಂಟಿಕ್ ಮೂರರಲ್ಲೂ ಇದೆ; ನಮಗೆ ತೀರ ಹತ್ತಿರ ಎಂದರೆ ಮಾಲ್ಡೀವ್ಸ್‌ನಲ್ಲಿ ಸಂತಾನ ಬೆಳೆಸುತ್ತದೆ, ಅಲ್ಲಿಂದ ಕೆಳಗೆ ಚಾಗೋಸ್, ಸೇಷೆಲ್ಸ್, ಮಾರಿಷಸ್. ನಿಮ್ಮ ಮೈದುನನ ಹಡಗು ಹೋದದ್ದು ಸರಿಯಾಗಿ ಅವುಗಳ ಊರಿನ ಬೀದಿಯಲ್ಲಿ. ಕೆಂಪು ಕೊಕ್ಕಿನದು ಅರೇಬಿಯಾದ ಸುತ್ತ, ಅಟ್ಲಾಂಟಿಕ್‌ನಲ್ಲಿ ಕೇಪ್ ವರ್ಡ್ ಮತ್ತು ಕೆರಿಬಿಯನ್, ಪೆಸಿಫಿಕ್‌ನ ಪೂರ್ವದಂಚಿನಲ್ಲಿ ಗಾಲಪಗಸ್. ಕೆಂಪುಬಾಲದ್ದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹಕ್ಕಿ. ಅಟ್ಲಾಂಟಿಕ್‌ನಲ್ಲಿ ಅದರ ಸಂಸಾರವಿಲ್ಲ. ಗಂಡು ಹೆಣ್ಣು ಆಕಾಶದಲ್ಲಿ ಒಂದರ ಸುತ್ತ ಒಂದು ಹಿಮ್ಮುಖವಾಗಿ ಚಕ್ರ ಹಾಕುವ ಆಟ ಅದರದ್ದು.

ಲಕ್ಷದ್ವೀಪದ ಪಿಟ್ಟಿ ದ್ವೀಪದಲ್ಲಿ ಇದೆಯೇ ಎಂದೂ ಅವರು ಕೇಳಿದ್ದರು. ಆ ಪುಟ್ಟ ಮರಳುದಿಬ್ಬ ರೀವಗಳ ಊರು.

ಅರ್ಥಧಾರಿ (ಸಾಗರ)
ಜನವರಿ 13, ರಾತ್ರಿ 8.30

ಎರಡು ದಿನದಿಂದ ಸುಮ್ಮನೆ ಓದುತ್ತಿದ್ದೆ. ಎಲ್ಲರೂ ಟ್ರಾಪಿಕ್‌ಬರ್ಡ್ ಟ್ರಾಪಿಕ್‌ಬರ್ಡ್ ಎನ್ನುತ್ತಿದ್ದೀರಿ, ಬಾಯಿ ನೋಯುವುದಿಲ್ಲವೇ? ಕನ್ನಡದಲ್ಲಿ ಒಂದು ಹೆಸರು ಬೇಡವೇ? ಉಷ್ಣವಲಯದ ಹಕ್ಕಿ ಎಂದು ಯಾರಾದರೂ ಹೇಳಿದರೆ ನಾನು ಈ ಬಳಗ ಬಿಡುತ್ತೇನೆ. ಉಷ್ಣವಲಯದಲ್ಲಿ ಕೋಳಿಯೂ ಇದೆ.

ಫೇಥಾನ್ ಯಾರು ಎಂದು ಹುಡುಕಿದೆ. ಗ್ರೀಕರ ಸೂರ್ಯನ ಮಗ. ಅಪ್ಪನ ರಥ ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಕುದುರೆಗಳನ್ನು ಹಿಡಿಯಲಾರದೆ ಸುಟ್ಟುಕೊಂಡು ಆಕಾಶದಿಂದ ಬಿದ್ದವನು. 1758ರಲ್ಲಿ ಲಿನ್ನೇಯಸ್ ಆ ಹೆಸರನ್ನು ಈ ಹಕ್ಕಿಗೆ ಇಟ್ಟ. ಸೂರ್ಯನ ದಾರಿಯ ಕೆಳಗೇ ಬದುಕುವ ಹಕ್ಕಿ ಎಂಬ ಭಾವ ಇರಬೇಕು.

ಓದಿದ ಕೂಡಲೇ ನನಗೆ ನೆನಪಾದದ್ದು ಸಂಪಾತಿ. ತಮ್ಮ ಜಟಾಯುವಿನೊಂದಿಗೆ ಪಂಥ ಕಟ್ಟಿ ಸೂರ್ಯನತ್ತ ಹಾರಿ, ತಮ್ಮನ ರೆಕ್ಕೆ ಸುಡದಿರಲೆಂದು ತನ್ನ ರೆಕ್ಕೆ ಹರಡಿ, ತಾನು ಸುಟ್ಟುಕೊಂಡು ಬಿದ್ದವನು. ಕಪಿಗಳು ಅವನನ್ನು ಕಾಣುವುದು ಎಲ್ಲಿ? ದಕ್ಷಿಣದ ಕಡಲ ತಡಿಯಲ್ಲಿ. ನೆಲದ ಮೇಲೆ ತೆವಳುತ್ತಾನೆ, ಹಾರಲಾರ, ಆದರೆ ಕುಳಿತಲ್ಲಿಂದಲೇ ಕಡಲಾಚೆಯ ಲಂಕೆಯಲ್ಲಿ ಸೀತೆ ಇರುವುದನ್ನು ಕಂಡು ಹೇಳುತ್ತಾನೆ. ತಾಳಮದ್ದಲೆಯಲ್ಲಿ ಸಂಪಾತಿಯ ಅರ್ಥ ಹೇಳಿದವನು ನಾನು. ಅಂಗದ ಪ್ರಶ್ನೆ ಮಾಡಿದಾಗ ಕಡಲನ್ನು ವರ್ಣಿಸಬೇಕಾಗಿ ಬಂದು, ಕಡಲನ್ನು ನೋಡಿದ್ದೇ ಎರಡು ಬಾರಿಯಾದ್ದರಿಂದ ಲಿಂಗನಮಕ್ಕಿ ಹಿನ್ನೀರನ್ನೇ ಹಿಗ್ಗಿಸಿ ಹೇಳಿ ಪಾರಾಗಿದ್ದೆ. ಸೂರ್ಯ, ಪತನ, ತೆವಳುವುದು, ಕಡಲು, ಎಲ್ಲ ಕೂಡಿ ಬರುತ್ತದೆ. ಸಂಪಾತಿ ಎಂದು ಕರೆಯೋಣ.

ಮೇಷ್ಟ್ರು ನಿವೃತ್ತ
ಜನವರಿ 13, ರಾತ್ರಿ 8.55

ಸಂಪಾತಿ ಹದ್ದಿನ ಕುಲದವನು. ಮುನ್ನೂರು ಗ್ರಾಮಿನ ಹಕ್ಕಿಗೆ ಆ ಹೆಸರಿಟ್ಟರೆ ನಮ್ಮ ಪಕ್ಕದ ಮನೆಯವರು ಬೆಕ್ಕಿನ ಮರಿಗೆ ಐರಾವತ ಎಂದು ಕರೆದಂತೆ.

ಅರ್ಥಧಾರಿ
ಜನವರಿ 13, ರಾತ್ರಿ 9.10

ಗ್ರೀಕರ ಫೇಥಾನನಿಗೆ ಬಾಲವೇ ಇರಲಿಲ್ಲ ಮೇಷ್ಟ್ರೇ. ಅದನ್ನು ಒಪ್ಪಿದವರು ಇದನ್ನೂ ಒಪ್ಪಬಹುದು.

ತುಂಗೆಯ ದಡ
ಜನವರಿ 13, ರಾತ್ರಿ 9.45

ಮೈದುನನ ಸಂದೇಶ ಬಂದಿತು, ಹಡಗು ಪೋರ್ಟ್ ಲೂಯಿ ತಲುಪಿದೆ. ಹೆಸರಿನ ಚರ್ಚೆಯನ್ನು ಅವನಿಗೆ ತಿಳಿಸಿದ್ದೆ. ನಾವಿಕರು ಇದನ್ನು ಬೋಸನ್ ಹಕ್ಕಿ ಎನ್ನುತ್ತಾರಂತೆ. ಬೋಸನ್ ಎಂದರೆ ಡೆಕ್ಕಿನ ಕೆಲಸಗಾರರ ಮುಖಂಡ. ಹಿಂದಿನ ಕಾಲದಲ್ಲಿ ಸೀಟಿ ಊದಿ ಆಜ್ಞೆ ಕೊಡುತ್ತಿದ್ದವನು ಅವನು, ಹಕ್ಕಿಯ ಕೂಗು ಆ ಸೀಟಿಯಂತೆ. ಘಟ್ಟದ ಕೆಳಗಿನವರೇ, ನೀವು ಸೀಟಿ ಎಂದದ್ದು ನೆನಪಾಗಿ ನನಗೆ ರೋಮಾಂಚನವಾಯಿತು. ನಮ್ಮವರ ಹಡಗುಗಳಲ್ಲಿ ಬೋಸನ್‌ನನ್ನು ಸಾರಂಗ ಎನ್ನುವ ರೂಢಿಯಿತ್ತು ಎಂದೂ ಬರೆದಿದ್ದಾನೆ.

ಮಾರಿಷಸ್‌ನವರು ಇದನ್ನು ಕರೆಯುವ ಹೆಸರಿನ ಅರ್ಥ "ಬಾಲದಲ್ಲಿ ಹುಲ್ಲುಕಡ್ಡಿ" ಎಂದಂತೆ. ಅಲ್ಲಿನ ವಿಮಾನಗಳ ಬಾಲದ ಮೇಲೆಯೂ ಇದೇ ಕುಲದ ಹಕ್ಕಿಯ ಚಿತ್ರವಂತೆ. ಅತ್ತೆಯವರಿಗೆ ಹುಲ್ಲುಕಡ್ಡಿಯ ಹೆಸರು ಹಿಡಿಸಿತು.

ಅರ್ಥಧಾರಿ
ಜನವರಿ 13, ರಾತ್ರಿ 10.00

ಸಾರಂಗ! ಸಂಪಾತಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಸಂಸ್ಕೃತದಲ್ಲಿ ಸಾರಂಗ ಎಂದರೆ ಜಿಂಕೆಯೂ ಹೌದು, ಚಾತಕ ಪಕ್ಷಿಯೂ ಹೌದು. ಹಡಗಿನವರ ಸಾರಂಗ ಪರ್ಷಿಯನ್ ಕಡೆಯಿಂದ ಬಂದ ಪದ. ಎರಡು ದಿಕ್ಕಿನಿಂದ ಬಂದ ಎರಡು ಪದ ಒಂದೇ ಹಕ್ಕಿಯ ಮೇಲೆ ಕುಳಿತವು. ಕಡಲ ಸಾರಂಗ. ನನ್ನ ಮತ ಇದಕ್ಕೆ.

ಬಿಆರ್‌ಪಿ ಹಿನ್ನೀರು
ಜನವರಿ 14, ಬೆಳಿಗ್ಗೆ 7.30

ಕಡಲ ಸಾರಂಗ ಎಂದರೆ ಕೇಳಿದವರು ಕೋಡು ಹುಡುಕುತ್ತಾರೆ. ಕಡಲ ಬಾಲದಂಡೆ ಎನ್ನಿ, ಮಲೆನಾಡಿನ ಯಾವ ಮನೆಯಲ್ಲಿ ಹೇಳಿದರೂ ಕಣ್ಣೆದುರು ಬರುತ್ತದೆ. ನದಿ ರೀವವನ್ನು ತಪ್ಪಾಗಿ ತಿಳಿದವನ ಮಾತಿಗೆ ಬೆಲೆ ಇದ್ದರೆ.

ಕಾಜಾಣ
ಜನವರಿ 14, ಬೆಳಿಗ್ಗೆ 8.15

ಬೆಲೆ ಇದೆ. ನನಗೂ ಅದೇ ಸರಿ ಎನಿಸುತ್ತದೆ. ಬರ್ಮುಡಾದವರು ಉದ್ದಬಾಲ ಎಂದಷ್ಟೇ ಕರೆಯುತ್ತಾರೆ, ಅವರಿಗೆ ಅಷ್ಟೇ ಸಾಕಾಗಿದೆ. ಅಲ್ಲಿ ಇದು ಮರಳಿ ಬಂದಾಗ ವಸಂತ ಬಂತೆಂದು ಲೆಕ್ಕ, ನಮಗೆ ಮಾವು ಚಿಗುರಿ ಕೋಗಿಲೆ ಕೂಗಿದ ಹಾಗೆ. ಅವರ 25 ಸೆಂಟ್ ನಾಣ್ಯದ ಮೇಲೂ ಇದೇ ಇದೆ. ಕಡಲ ಬದಿಯ ಸುಣ್ಣಕಲ್ಲಿನ ಬಂಡೆಗಳು ಬಿರುಗಾಳಿಗೆ ಕುಸಿದು ಬಿಲಗಳು ಹೋದಾಗ, ಕವುಚಿಟ್ಟ ಮಡಕೆಯ ಆಕಾರದ ಕೃತಕ ಗೂಡುಗಳನ್ನು ಬಂಡೆಗೆ ಕೂರಿಸಿ ಕೊಟ್ಟರು. ಹಕ್ಕಿಗಳು ಮರುಮಾತಿಲ್ಲದೆ ಒಳಹೊಕ್ಕವು. ಕ್ರಿಸ್ಮಸ್ ದ್ವೀಪದಲ್ಲಿ ಬಿಳಿಬಾಲದ್ದರ ಒಂದು ಬಗೆಗೆ ಮೈಯೆಲ್ಲ ಹೊಂಬಣ್ಣ, ಹಳದಿ ಮಾವಿನ ಹೋಳಿನಂತೆ. ಅದು ಅವರ ಬಾವುಟದಲ್ಲಿದೆ.

ನಿರ್ವಾಹಕ
ಜನವರಿ 14, ಬೆಳಿಗ್ಗೆ 11.00

ಹೆಸರಿನ ಬಗ್ಗೆ ಮತದಾನ ಬೇಡ, ಹಿಂದಿನ ಬಾರಿ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಒಂದು ಉಪಯುಕ್ತ ವಿಷಯ ಕೇಳಬೇಕಿತ್ತು. ಮುಂದಿನ ಮಳೆಗಾಲದಲ್ಲಿ ಕರಾವಳಿಗೆ ಹೋದವರಿಗೆ ಇಂತಹ ಹಕ್ಕಿ ಮರಳಿನ ಮೇಲೆ ಬಿದ್ದು ಸಿಕ್ಕರೆ ಏನು ಮಾಡಬೇಕು?

ಕಾಜಾಣ
ಜನವರಿ 14, ಮಧ್ಯಾಹ್ನ 12.20

ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ಪಾಪ ಎಂದು ಮರಳಿ ಅಲೆಗೆ ಎಸೆಯಬಾರದು. ಅದು ದಡಕ್ಕೆ ಬಂದಿರುವುದೇ ಶಕ್ತಿ ಮುಗಿದು. ಕಾಲು ಮುರಿದಿದೆ ಎಂದು ಪಟ್ಟಿ ಕಟ್ಟಲು ಹೋಗಬಾರದು. ನಿಲ್ಲಲು ಬಾರದಿರುವುದು ಅದರ ಹುಟ್ಟುಗುಣ. ಬಾಯಿ ಬಿಡಿಸಿ ನೀರು, ಮೀನು ತುರುಕಬಾರದು. ಕೊಕ್ಕಿನ ಅಂಚು ಗರಗಸದಂತಿರುತ್ತದೆ, ಬರಿಗೈಯಲ್ಲಿ ಹಿಡಿದರೆ ರಕ್ತ ಬರುವುದು ಖಚಿತ. ಮೇಲೆ ಒಂದು ಟವೆಲ್ ಹಾಕಿ ಎತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿ ಇಟ್ಟು, ಅರಣ್ಯ ಇಲಾಖೆಗೆ ಕರೆ ಮಾಡಿ. ಬಾಲ ಮುರಿಯದಷ್ಟು ಉದ್ದದ ಪೆಟ್ಟಿಗೆ ಹುಡುಕುವುದೇ ಕಷ್ಟದ ಕೆಲಸ.

ಘಟ್ಟದ ಕೆಳಗಿನವನು
ಜನವರಿ 14, ಮಧ್ಯಾಹ್ನ 12.45

ಬಾಳೆಗೊನೆಯ ಪೆಟ್ಟಿಗೆ ಸಾಕಾಗುತ್ತದೆ. ನನ್ನ ಅಂಗಡಿಯಲ್ಲಿ ಇವೆ.

ಜೋಗದ ಗಾಳಿ
ಜನವರಿ 14, ಸಂಜೆ 4.10

ಆಗುಂಬೆಯ ಸೂರ್ಯಾಸ್ತ ಕಟ್ಟೆಯಿಂದ ಆಕಾಶ ಶುಭ್ರವಾಗಿದ್ದ ದಿನ ಕಡಲು ಮಿನುಗುವುದು ಕಾಣುತ್ತದೆ. ಇನ್ನು ಮುಂದೆ ಅಲ್ಲಿ ದುರ್ಬೀನು ಹಿಡಿದು ನಿಂತವರನ್ನು ನೋಡಿ ನಗುವುದಿಲ್ಲ.

ಕಾಜಾಣ
ಜನವರಿ 14, ಸಂಜೆ 4.30

ಆ ದುರ್ಬೀನಿನಿಂದ ಕಾಣುವುದಿಲ್ಲ. ಆದರೂ ನಾನು ಎರಡು ಬಾರಿ ನಿಂತಿದ್ದೇನೆ.

ತುಂಗೆಯ ದಡ
ಜನವರಿ 16, ಬೆಳಿಗ್ಗೆ 8.50

ಇಂದು ಬೆಳಿಗ್ಗೆ ಏಳೂವರೆಗೆ ಅತ್ತೆಯವರು ಹಿತ್ತಲಿನಿಂದ ಕೂಗಿದರು. ಹಂಡೆಗೆ ಬೆಂಕಿ ಹಾಕುತ್ತಿದ್ದವಳು ಹಾಗೆಯೇ ಮೊಬೈಲ್ ಹಿಡಿದು ಓಡಿದೆ. ಬಿದಿರು ಮೆಳೆಯಲ್ಲಿ ಬಂದು ಕುಳಿತಿತ್ತು. ತಲೆ ಕಪ್ಪೋ ಬಿಳಿಯೋ, ಜುಟ್ಟು ಇದೆಯೋ ಇಲ್ಲವೋ ನೋಡಬೇಕೆಂದು ಹತ್ತಿರ ಹೋಗುವಷ್ಟರಲ್ಲಿ ನಾಯಿ ಬೊಗಳಿತು, ಅದು ಎದ್ದು ತೋಟಕ್ಕೆ ಇಳಿಯಿತು. ಚಿತ್ರ ಹಾಕಿದ್ದೇನೆ. ಬಿದಿರಿನ ಎಲೆ, ಅದರ ಹಿಂದೆ ಬಾಲ. ಬಾಲ ಮಾತ್ರ ಬಂದಿದೆ.

ಅತ್ತೆಯವರು ಈ ಚಿತ್ರವನ್ನೂ ಮೈದುನನ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಎರಡನ್ನೂ ಅವನಿಗೆ ಕಳಿಸು ಎಂದಿದ್ದಾರೆ.

ಮೇಷ್ಟ್ರು ನಿವೃತ್ತ
ಜನವರಿ 16, ಬೆಳಿಗ್ಗೆ 9.05

ನಡುವಿನ ಗರಿಯೋ, ಅಂಚಿನದೋ?

ತುಂಗೆಯ ದಡ
ಜನವರಿ 16, ಬೆಳಿಗ್ಗೆ 9.12

ನಡುವಿನದು. ಎರಡರದ್ದೂ.